ಸಾಕೆಟ್ ಒಂದೇ ಆದರೆ ಸಾಕೇ? ನನಗೆ ಸಾಕಾಗಲಿಲ್ಲ

ಗೆಳೆಯರ ಹಳೆಯ ಬಿ450 ಮದರ್‌ಬೋರ್ಡಿಗೆ ಎಎಂಡಿಯ ಹೊಸ ರೈಜನ್ 5 5600 ಪ್ರೊಸೆಸರ್ ಹಾಕಬೇಕೆಂದಿದ್ದೀರಿ. ಎರಡರ ಸಾಕೆಟ್ಟೂ, ಅಂದರೆ ಪ್ರೊಸೆಸರ್ ಕೂರುವ ಜಾಗವೂ, ಎಎಂ4 ಆಗಿರುವಾಗ ಬೇರೇನು ನೋಡಬೇಕು ಎಂದು ಕೇಳಿದ್ದೀರಿ. 2018ರಲ್ಲಿ ನನಗೂ ಇದೇ ಪ್ರಶ್ನೆ ಬಂದಿತ್ತು, ಸಾಕೆಟ್ಟಿನ ಸಂಖ್ಯೆ ಮಾತ್ರ ಇಂಟೆಲ್ಲಿನ 1151. ಯಾರನ್ನೂ ಕೇಳದೆ ನನಗೆ ನಾನೇ ಉತ್ತರ ಹೇಳಿಕೊಂಡೆ.

ಆಗ ನಾನು ಮಂಡ್ಯದಲ್ಲಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಇಂಟೆಲ್ ಐ5-8400 ಪ್ರೊಸೆಸರನ್ನು ಹೊಸದಾಗಿ ಕೊಂಡೆ. ಕೈಯಲ್ಲಿದ್ದ ಹಣ ಅಲ್ಲಿಗೇ ತೀರಿದ್ದರಿಂದ, ಮೈಸೂರಿನ ಕುವೆಂಪುನಗರದ ಪರಿಚಿತರೊಬ್ಬರಿಂದ ಅದೇ 1151 ಸಾಕೆಟ್ಟಿನ ಬಿ250 ಬೋರ್ಡನ್ನು ಸೆಕೆಂಡ್ ಹ್ಯಾಂಡ್ ಆಗಿ ತಂದೆ. ಮನೆಯ ಮಂಚದ ಮೇಲೆ ಹರಡಿಕೊಂಡು ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿತು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮೂರು ದಿನ ರ್‍ಯಾಮಿನ ತುದಿಯನ್ನು ರಬ್ಬರಿನಿಂದ ಉಜ್ಜಿದೆ, ಬೋರ್ಡಿನ ಸೆಲ್ ತೆಗೆದು ಹಾಕಿದೆ, ಪಕ್ಕದ ಮನೆಯವರಿಂದ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೂಡ ಬೇಡಿ ತಂದೆ. ಕೊನೆಗೆ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಮೈಸೂರಿನ ರಿಪೇರಿಯವರೊಬ್ಬರ ಬಳಿಗೆ ಬಸ್ಸಿನಲ್ಲಿ ಹೋದೆ. ಅವರು ತಮ್ಮಲ್ಲಿದ್ದ ಏಳನೆಯ ಜನರೇಷನ್ನಿನ ಐ3 ಒಂದನ್ನು ನನ್ನ ಬೋರ್ಡಿಗೆ ಹಾಕಿದ ಕೂಡಲೇ ಪರದೆ ಬಂದಿತು. “ಬೋರ್ಡೂ ಚೆನ್ನಾಗಿದೆ, ಪ್ರೊಸೆಸರೂ ಚೆನ್ನಾಗಿರಬೇಕು, ಜೋಡಿ ಮಾತ್ರ ಸರಿಯಿಲ್ಲ ಕಣಪ್ಪ” ಎಂದರು.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 1151 ಎಂಬುದು ಸಾಕೆಟ್ಟಿನಲ್ಲಿರುವ ಸಂಪರ್ಕ ಬಿಂದುಗಳ ಎಣಿಕೆಯೇ ಹೊರತು, ಯಾವ ಬಿಂದು ಯಾವ ಕೆಲಸ ಮಾಡುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಆರು ಮತ್ತು ಏಳನೆಯ ಜನರೇಷನ್ನಿಗೆ 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳು, ಅಂದರೆ ಬೋರ್ಡಿನ ನಿಯಂತ್ರಕ ಚಿಪ್‌ಗಳು, ಇದ್ದವು; ನನ್ನ ಬಿ250 ಈ 200 ಸರಣಿಯದು. 2017ರ ಕೊನೆಯಲ್ಲಿ ಬಂದ ಎಂಟನೆಯ ಜನರೇಷನ್ನಿನ (ನನ್ನ 8400 ಇದರದೇ) ಐ5ರಲ್ಲಿ ಕೋರ್‌ಗಳು ನಾಲ್ಕರಿಂದ ಆರಕ್ಕೇರಿದಾಗ, ಹಿಂದೆ ಖಾಲಿ ಬಿಟ್ಟಿದ್ದ ಕೆಲವು ಬಿಂದುಗಳನ್ನು ಇಂಟೆಲ್ ವಿದ್ಯುತ್ ಪೂರೈಕೆಗೂ ಗ್ರೌಂಡಿಗೂ ಬಳಸಿಕೊಂಡು, 300 ಸರಣಿಯ ಬೋರ್ಡನ್ನೇ ಕಡ್ಡಾಯ ಮಾಡಿತು. ಆದರೆ ಅಂಚಿನ ಕಚ್ಚುಗಳನ್ನು ಇದ್ದಲ್ಲೇ ಇರಿಸಿದ್ದರಿಂದ ನನ್ನ ಪ್ರೊಸೆಸರ್ ಆ ಸಾಕೆಟ್ಟಿನಲ್ಲಿ ಅಚ್ಚುಕಟ್ಟಾಗಿ ಕುಳಿತಿತು. ಅದು ಕೂರದೇ ಇದ್ದಿದ್ದರೆ ನಾನು ಮೂರು ದಿನ ರ್‍ಯಾಮ್ ಉಜ್ಜುತ್ತಿರಲಿಲ್ಲ. ಪೆಟ್ಟಿಗೆ ಒಡೆದ ಪ್ರೊಸೆಸರನ್ನು ಅಂಗಡಿಯವರು ಹಿಂತೆಗೆದುಕೊಳ್ಳಲಿಲ್ಲ. ಸಾಲ ಮಾಡಿ ಎಚ್310 ಬೋರ್ಡ್ ಕೊಂಡು, ಬಿ250ಯನ್ನು ಅರ್ಧ ಬೆಲೆಗೆ ಮಾರಿದೆ.

ಆದ್ದರಿಂದ ‘ಸಾಕೆಟ್ ಒಂದೇ ತಾನೆ’ ಎಂಬ ನಿಮ್ಮ ಆರಂಭವನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಸ್ಥಿತಿ ನನ್ನದಕ್ಕಿಂತ ಉತ್ತಮವೆಂಬುದು ನಿಜ, ಏಕೆಂದರೆ ಬಿ450ಯಲ್ಲಿ 5600 ನಡೆಯುತ್ತದೆ. ಆದರೆ ಆ ಚಿಪ್‌ಸೆಟ್ ಬಂದದ್ದು 2018ರಲ್ಲಿ, ನಿಮ್ಮ ಪ್ರೊಸೆಸರ್ ಬಂದದ್ದು 2022ರಲ್ಲಿ. ನಡುವೆ ಬಯಾಸ್ (ಬೋರ್ಡನ್ನು ಚಾಲೂ ಮಾಡುವ, ಅದರಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಆಗದಿದ್ದರೆ ಆ ಬೋರ್ಡಿಗೆ ಈ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ, ನೀವೂ ಕಪ್ಪು ಪರದೆಯ ಮುಂದೆ ಕೂರುತ್ತೀರಿ. ಹೊಂದಾಣಿಕೆ ತೋರಿಸುವ ಜಾಲತಾಣಗಳು ಇದನ್ನು ಎಲ್ಲೋ ಮೂಲೆಯ ಟಿಪ್ಪಣಿಯಲ್ಲಿ ಹೇಳಿ ಸುಮ್ಮನಾಗುತ್ತವೆ. ನಾನು ಅವುಗಳನ್ನು ನೆಚ್ಚುವುದಿಲ್ಲ. ಬೋರ್ಡ್ ತಯಾರಕರ ತಾಣದಲ್ಲಿ ಅದೇ ಮಾದರಿಯ, ಅದೇ ರಿವಿಷನ್ನಿನ (ಆ ಮಾದರಿಯ ಪರಿಷ್ಕೃತ ಆವೃತ್ತಿಯ) ಪ್ರೊಸೆಸರ್ ಪಟ್ಟಿಯನ್ನು ತೆರೆದರೆ 5600ರ ಎದುರಿಗೆ ಕನಿಷ್ಠ ಯಾವ ಬಯಾಸ್ ಬೇಕೆಂದು ಬರೆದಿರುತ್ತದೆ. ನನ್ನ ಮಟ್ಟಿಗೆ ಪ್ರಮಾಣವೆಂದರೆ ಅದೊಂದೇ.

ನೀವು ಕೇಳದಿದ್ದರೂ ಹೇಳುತ್ತೇನೆ: 5600ರಲ್ಲಿ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ, ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಬೋರ್ಡಿನ ಎಚ್‌ಡಿಎಂಐ ಕಿಂಡಿಯಿಂದ ಏನೂ ಬರುವುದಿಲ್ಲ; ಹಾಗಿದ್ದರೆ ಗ್ರಾಫಿಕ್ಸ್ ಇರುವ 5600ಜಿ ಕೊಳ್ಳಿ.

ಬೋರ್ಡ್ ಇನ್ನೂ ಗೆಳೆಯರ ಮನೆಯಲ್ಲಿ ಹಳೆಯ ಪ್ರೊಸೆಸರಿನೊಂದಿಗೆ ಓಡುತ್ತಿದ್ದರೆ, ಅದನ್ನು ಬಿಚ್ಚುವ ಮೊದಲೇ ಪೆನ್‌ಡ್ರೈವ್ ಹಿಡಿದು ಅಲ್ಲಿಗೆ ಹೋಗಿ. ವಿಂಡೋಸಿನ ಸಿಸ್ಟಮ್ ಇನ್ಫರ್ಮೇಷನ್ನಿನಲ್ಲಿ ಬಯಾಸ್ ಆವೃತ್ತಿಯನ್ನು ನೋಡಿ, ಹಳೆಯದಾಗಿದ್ದರೆ ಆ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಿಕೊಳ್ಳಿ. ಅದನ್ನು ತೆಗೆದ ಮೇಲೆ, ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬದಲಿಸುವ ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬೋರ್ಡನ್ನು ಬಿಟ್ಟರೆ ಬೇರೆ ಬೋರ್ಡಿನಲ್ಲಿ, ಹಳೆಯ ಪ್ರೊಸೆಸರನ್ನು ಮತ್ತೆ ಹಾಕದೆ, ಮನೆಯಲ್ಲೇ ಆ ಕೆಲಸವಾಗದು. ಮಳೆ ಬರುವಂತಿದ್ದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿ; ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋದೀತು.