ಜಡವೆನಿಸಿದ ಆಲ್ಕೇನ್ ಭುಗ್ಗನೆ ಉರಿಯುವುದೇಕೆ?

ಪ್ರಶ್ನೆ: ಕಾರ್ಬನ್ ಮತ್ತು ಹೈಡ್ರೋಜನ್ ಮಾತ್ರ ಇರುವ, ಮೀಥೇನ್‌ನಂಥ ಸಂಯುಕ್ತಗಳಾದ ಆಲ್ಕೇನ್‌ಗಳು ಆಮ್ಲದೊಂದಿಗಾಗಲಿ ಪ್ರತ್ಯಾಮ್ಲದೊಂದಿಗಾಗಲಿ ಸುಲಭವಾಗಿ ವರ್ತಿಸುವುದಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಅವುಗಳಿಂದ ತುಂಬಿರುವ ಇಂಧನಗಳು ಒಂದು ಕಿಡಿಗೆ ಹೊತ್ತಿಕೊಳ್ಳುವುದು ಹೇಗೆ?

ಉತ್ತರ: ನೀವು ಓದಿದ್ದು ಸರಿ. ಪ್ಯಾರಾಫಿನ್ ಎಂಬ ಇವುಗಳ ಹಳೆಯ ಹೆಸರಿಗೆ ಲ್ಯಾಟಿನ್ ಮೂಲದಲ್ಲಿ 'ಒಲವು ಕಡಿಮೆ' ಎಂದೇ ಅರ್ಥ. ಆಲ್ಕೇನ್ ಅಣುವಿನಲ್ಲಿರುವುದು ಗಟ್ಟಿಯಾದ ಏಕಬಂಧಗಳು ಮಾತ್ರ. ಕಾರ್ಬನ್ ಮತ್ತು ಹೈಡ್ರೋಜನ್ ಇಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುವುದರಿಂದ, ಆಮ್ಲ ಅಥವಾ ಪ್ರತ್ಯಾಮ್ಲ ಬಂದು ತಗಲಿಕೊಳ್ಳಲು ಬೇಕಾದ ವಿದ್ಯುದಾವೇಶದ ಜಾಗವೇ ಅಲ್ಲಿ ಇರುವುದಿಲ್ಲ. ಆದರೆ ಕ್ರಿಯೆ ಆರಂಭವಾಗುವುದು ಕಷ್ಟ ಎಂದ ಮಾತ್ರಕ್ಕೆ ಅದರಿಂದ ಬಿಡುಗಡೆಯಾಗುವ ಶಕ್ತಿ ಕಡಿಮೆ ಎಂದಾಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ. ಕಿಡಿಯು ಕೆಲವೇ ಬಂಧಗಳನ್ನು ಮುರಿದು ಜೋಡಿಯಿಲ್ಲದ ಇಲೆಕ್ಟ್ರಾನು ಹೊತ್ತ ಮುಕ್ತ ರ‍್ಯಾಡಿಕಲ್‌ಗಳನ್ನು ಉಂಟುಮಾಡುತ್ತದೆ. ಅವು ಪಕ್ಕದ ಅಣುಗಳನ್ನು ಒಡೆದು ಮತ್ತಷ್ಟು ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ, ಹೊಮ್ಮುವ ಶಾಖ ಸರಪಳಿಯನ್ನು ಮುಂದುವರಿಸುತ್ತದೆ. ಒಂದು ಮೋಲ್, ಅಂದರೆ 16 ಗ್ರಾಂ ಮೀಥೇನ್ ಪೂರ್ತಿ ಉರಿದರೆ ಸುಮಾರು 890 ಕಿಲೋಜೂಲ್ ಶಾಖ ದೊರೆಯುತ್ತದೆ.

ಕ್ಲೋರಿನ್ ಜೊತೆಗೂ ಇದೇ ಕಥೆ. ಮೀಥೇನ್ ಮತ್ತು ಕ್ಲೋರಿನ್ ಕತ್ತಲಲ್ಲಿ ಒಟ್ಟಿಗಿದ್ದರೆ ಏನೂ ಆಗದು. ಬಿಸಿಲು ಬಿದ್ದರೆ ಹೈಡ್ರೋಜನ್‌ಗಳ ಜಾಗಕ್ಕೆ ಕ್ಲೋರಿನ್ ಒಂದೊಂದಾಗಿ ಬಂದು ಕೂರುತ್ತದೆ. ಪುಸ್ತಕದ ಸಮೀಕರಣ ಒಂದೇ ಉತ್ಪನ್ನವನ್ನು ತೋರಿಸಿದರೂ ಪಾತ್ರೆಯಲ್ಲಿ ಸಿಗುವುದು ಮಿಶ್ರಣ.

ಪ್ರಶ್ನೆ: ಎಂಜಿನ್‌ನಲ್ಲಿ ಇಂಧನ ಪೂರ್ತಿ ಉರಿದರೆ ಮಾಲಿನ್ಯ ಇರುವುದಿಲ್ಲವೇ?

ಉತ್ತರ: ಇರುತ್ತದೆ. ಆಮ್ಲಜನಕ ಸಾಲದಾದಾಗ ಮಸಿ, ಉರಿಯದೆ ಉಳಿದ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತವೆ. ಇವುಗಳಲ್ಲಿ ಕೊನೆಯದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೂರ್ಣ ದಹನ ಇವನ್ನು ತಪ್ಪಿಸುತ್ತದೆ ಎಂಬುದು ನಿಜ. ಆದರೆ ನೈಟ್ರೋಜನ್ ಆಕ್ಸೈಡ್‌ಗಳು ಮುಖ್ಯವಾಗಿ ಇಂಧನದಿಂದ ಬರುವುದೇ ಇಲ್ಲ. ಗಾಳಿಯಲ್ಲಿ ತೆಪ್ಪಗಿದ್ದ ನೈಟ್ರೋಜನ್, ಸಿಲಿಂಡರಿನ ವಿಪರೀತ ಶಾಖದಲ್ಲಿ ಆಮ್ಲಜನಕವನ್ನು ಸೇರಿ ಅವು ಉಂಟಾಗುತ್ತವೆ. ಹೀಗಾಗಿ ಚೆನ್ನಾಗಿ ಉರಿಯಲೆಂದು ಶಾಖವನ್ನು ಹೆಚ್ಚಿಸಿದಷ್ಟೂ ಅವೂ ಹೆಚ್ಚುತ್ತವೆ. ಹೊರಗೆ ಬಂದ ಮೇಲೆ ಅವು ಬಿಸಿಲಿನಲ್ಲಿ ಹೈಡ್ರೋಕಾರ್ಬನ್ ಆವಿಯೊಡನೆ ಕೂಡಿ, ನಾವು ಉಸಿರಾಡುವ ಮಟ್ಟದಲ್ಲೇ ಓಝೋನನ್ನು ಉಂಟುಮಾಡುತ್ತವೆ. ಇಂಧನದಲ್ಲಿ ಗಂಧಕದ ಅಂಶವಿದ್ದರೆ ಗಂಧಕದ ಡೈಆಕ್ಸೈಡ್ ಬೇರೆ.

ಹೊಗೆಕೊಳವೆಯ ಕ್ರಿಯಾವರ್ಧಕ ಪರಿವರ್ತಕದಲ್ಲಿರುವ ಪ್ಲಾಟಿನಂ, ಪೆಲೇಡಿಯಂಗಳು ಕಾರ್ಬನ್ ಮಾನಾಕ್ಸೈಡನ್ನು ಡೈಆಕ್ಸೈಡ್ ಆಗಿಸಿದರೆ, ರೋಡಿಯಂ ನೈಟ್ರೋಜನ್ ಆಕ್ಸೈಡನ್ನು ಮರಳಿ ನೈಟ್ರೋಜನ್ ಮಾಡುತ್ತದೆ. ಸೀಸ ಬೆರೆತ ಪೆಟ್ರೋಲ್ ಈ ಲೋಹಗಳ ಮೇಲ್ಮೈಯನ್ನೇ ಕೆಡಿಸುತ್ತಿತ್ತು. ವಾಹನಗಳಿಗೆ ಅಂಥ ಪೆಟ್ರೋಲಿನ ಮಾರಾಟವನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಕಾರ್ಬನ್ ಡೈಆಕ್ಸೈಡನ್ನು ಮಾತ್ರ ಪರಿವರ್ತಕ ತಡೆಯುವುದಿಲ್ಲ, ತುಸು ಹೆಚ್ಚಿಸುತ್ತದೆ ಕೂಡ. ಪೆಟ್ರೋಲಿನಲ್ಲಿರುವಂಥ ಆಲ್ಕೇನ್ ಆದ ಆಕ್ಟೇನ್ 114 ಗ್ರಾಂ ಪೂರ್ತಿ ಉರಿದಾಗ 352 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ತೂಕ ಮೂರು ಪಟ್ಟು ಮೀರುವುದು ಗಾಳಿಯ ಆಮ್ಲಜನಕ ಅದರಲ್ಲಿ ಸೇರುವುದರಿಂದ.