ಪ್ರತಿಕ್ರಿಯೆ: ಆಲ್ವಾ ಮಿರ್ಡಾಲ್‌ಗೆ ನೊಬೆಲ್ ಬಂದದ್ದು ದೆಹಲಿಯ ಕೆಲಸಕ್ಕಲ್ಲ

ಆಲ್ವಾ ಮಿರ್ಡಾಲ್ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರಲ್ಲ, ಶಾಂತಿ ನೊಬೆಲ್ ಬಂದದ್ದು ಅದಕ್ಕೇನಾ ಅಂತ ಕೇಳಿದ್ದೀರಿ. ಅದಕ್ಕಲ್ಲ ಸರ್. ಆ ಪ್ರಶಸ್ತಿ ನಿರಸ್ತ್ರೀಕರಣದ, ಅಂದರೆ ದೇಶಗಳು ಅಸ್ತ್ರಗಳನ್ನು ಕಡಿಮೆ ಮಾಡುವಂತೆ ಒಪ್ಪಿಸುವ ಕೆಲಸಕ್ಕೆ ಬಂದದ್ದು, 1982ರಲ್ಲಿ, ಮೆಕ್ಸಿಕೊದ ಅಲ್ಫೊನ್ಸೊ ಗಾರ್ಸಿಯಾ ರೊಬ್ಲೆಸ್ ಜೊತೆಗೆ.

ದೆಹಲಿಗೆ ಬಂದಾಗ, ಅಂದರೆ 1955ರಲ್ಲಿ, ಅವರಿಗೆ ಐವತ್ತು ದಾಟಿತ್ತು. ಅದಕ್ಕೂ ಮೊದಲು ಪ್ಯಾರಿಸ್‌ನಲ್ಲಿ ಯುನೆಸ್ಕೊದ ಸಮಾಜ ವಿಜ್ಞಾನ ವಿಭಾಗ ನಡೆಸಿದ್ದರು. 1961ರವರೆಗೆ ಇಲ್ಲೇ ಇದ್ದು ಊರಿಗೆ ಮರಳಿದರು, ಮರುವರ್ಷ ಸಂಸತ್ತು ಸೇರಿದರು.

ಅವರ ನಿಜವಾದ ದೊಡ್ಡ ಕೆಲಸ ಶುರುವಾದದ್ದು ಆಮೇಲೆ, ಜಿನೀವಾದಲ್ಲಿ. 1962ರಲ್ಲಿ ಅಲ್ಲಿ ಹದಿನೆಂಟು ದೇಶಗಳ ನಿರಸ್ತ್ರೀಕರಣ ಸಮಿತಿ ಕೂತಿತು. ಅಮೆರಿಕದ ಕಡೆಯೂ ಅಲ್ಲದ, ಸೋವಿಯತ್ ಕಡೆಯೂ ಅಲ್ಲದ ಎಂಟು ದೇಶಗಳು ಅದರಲ್ಲಿದ್ದವು. ಸ್ವೀಡನ್ ಒಂದು, ನಮ್ಮ ಭಾರತ ಇನ್ನೊಂದು. ನೆಲದಡಿ ಅಣುಪರೀಕ್ಷೆ ನಡೆಸಿದರೆ ಪತ್ತೆಹಚ್ಚಲಾಗದು ಎಂಬ ವಾದಕ್ಕೆ ಮಿರ್ಡಾಲ್ ಭೂಕಂಪ ಮಾಪನದ ವಿಜ್ಞಾನವನ್ನೇ ಎದುರಿಟ್ಟರು: ಸ್ಫೋಟದಿಂದ ನೆಲ ಅದುರುತ್ತದೆ, ಆ ಅದುರನ್ನು ದೂರದಿಂದಲೂ ಅಳೆಯಬಹುದು. ಬರೀ ಭಾಷಣ ಮಾಡದೆ, ತಜ್ಞರ ಲೆಕ್ಕ ಹಿಡಿದು ಮಾತಾಡುತ್ತಿದ್ದರು. ನನಗೆ ಅವರ ಬಗ್ಗೆ ಅಪಾರ ಗೌರವ ಹುಟ್ಟಿದ್ದು ಇದರಿಂದಲೇ. ಸ್ವತಃ ಸ್ವೀಡನ್ನಿನಲ್ಲೇ ಅಣುಬಾಂಬ್ ಬೇಕೆನ್ನುವವರಿದ್ದ ಕಾಲ ಆಗಷ್ಟೇ ಕಳೆದಿತ್ತು ಅನ್ನೋದನ್ನು ಮರೆಯಬೇಡಿ. 1967ರಿಂದ 1973ರವರೆಗೆ ಅವರು ಮಂತ್ರಿ, ಖಾತೆ ನಿರಸ್ತ್ರೀಕರಣವೇ.

ಇನ್ನೊಂದು ಮಾತು: 1974ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಗುನ್ನಾರ್ ಮಿರ್ಡಾಲ್ ಇವರ ಗಂಡ. ಹೆಸರು ನೋಡಿ ಇಬ್ಬರನ್ನೂ ಕಲಸಿಕೊಳ್ಳಬೇಡಿ.