ಓದುಗರ ಪ್ರಶ್ನೆ: ಜಾತ್ಯತೀತತೆಯನ್ನು ಬರೆದಿಡಲೇಬೇಕೆ?

ಪ್ರಶ್ನೆ: ಬ್ರಿಟನ್ನಿಗೆ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ, ಆದರೂ ಎಲ್ಲ ಧರ್ಮದವರೂ ಬದುಕಿಕೊಂಡಿದ್ದಾರೆ. ನಮ್ಮ ಪ್ರಸ್ತಾವನೆಗೆ ‘ಜಾತ್ಯತೀತ’ ಸೇರಿದ್ದೇ 1976ರಲ್ಲಿ. ಬರೆದಿಡುವುದರಿಂದ ಏನು ಪ್ರಯೋಜನ?
– ಪುತ್ತೂರಿನ ಓದುಗರು

ಉತ್ತರ: ಬ್ರಿಟನ್ನಿನಲ್ಲಿ ಸಹನೆ ಇದೆ, ಜಾತ್ಯತೀತ ಪ್ರಭುತ್ವ ಇಲ್ಲ. ಇಂಗ್ಲೆಂಡಿನ ಚರ್ಚಿಗೆ ದೊರೆಯೇ ಮುಖ್ಯಸ್ಥ. ಆ ಚರ್ಚಿನ 26 ಬಿಷಪ್ಪರು ಮೇಲ್ಮನೆಯಲ್ಲಿ ಕೂರುತ್ತಾರೆ. 1701ರ ಕಾಯ್ದೆಯಂತೆ ಕ್ಯಾಥೊಲಿಕರು ಇಂದಿಗೂ ಪಟ್ಟ ಏರುವಂತಿಲ್ಲ. ಪ್ರಜೆಗಳ ಧರ್ಮ ಸ್ವಾತಂತ್ರ್ಯವನ್ನು ಕಾಯುವ 1998ರ ಮಾನವ ಹಕ್ಕು ಕಾಯ್ದೆಯನ್ನು ಸಂಸತ್ತು ಸರಳ ಬಹುಮತದಿಂದ ಕಿತ್ತುಹಾಕಬಹುದು. ಹಾಗೆ ಕಿತ್ತುಹಾಕಿದ್ದನ್ನು ಅಸಿಂಧು ಎನ್ನುವ ಅಧಿಕಾರ ಅಲ್ಲಿನ ಕೋರ್ಟುಗಳಿಗಿಲ್ಲ.

ನಮ್ಮಲ್ಲಿ ಕೆಲಸಕ್ಕೆ ಬರುವುದು ಪ್ರಸ್ತಾವನೆಯ ಪದಕ್ಕಿಂತ 1950ರಿಂದಲೇ ಇರುವ, ಧರ್ಮ ಸ್ವಾತಂತ್ರ್ಯದ 25ರಿಂದ 28ರವರೆಗಿನ ವಿಧಿಗಳು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯನ್ನೇ ನೋಡಿ. ಧಾರ್ಮಿಕ ವಿಷಯಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕನ್ನು 26(ಬಿ) ಕೊಟ್ಟಿದೆ, ಆದ್ದರಿಂದ ಒಳಗೆ ಯಾರನ್ನು ಬಿಡಬೇಕೆಂಬುದೂ ತಮಗೇ ಸೇರಿದ್ದು ಎಂಬುದು ಗೌಡ ಸಾರಸ್ವತರ ವಾದ. ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಸಲು 25(2)(ಬಿ) ಅವಕಾಶ ಕೊಡುತ್ತದೆ. 1957ರಲ್ಲಿ ಸುಪ್ರೀಂ ಕೋರ್ಟ್ ಈ ಎರಡನೆಯದನ್ನೇ ಎತ್ತಿಹಿಡಿಯಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಆ ಸಮುದಾಯದವರಷ್ಟೇ ಇರಬಹುದೆಂದಿತು. ಬರೆದ ವಿಧಿ ಇಲ್ಲದಿದ್ದರೆ ಇಂಥ ತಂಟೆ ಬಗೆಹರಿಯುವುದು ಯಾರಿಗೆ ಯಾವ ಮಂತ್ರಿ ಹತ್ತಿರ ಎಂಬುದರ ಮೇಲೆ.

ಬರೆದದ್ದನ್ನು ತಿದ್ದಬಹುದಲ್ಲ ಎನ್ನುವಿರಿ. ಸಾಮಾನ್ಯವಾಗಿ ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಪಾಲು ಬೇಕು. ಅಷ್ಟಿದ್ದರೂ ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ಅಡಿಪಾಯದ ತತ್ವಗಳನ್ನು, ಮುಟ್ಟುವಂತಿಲ್ಲ ಎಂಬುದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದ 1973ರ ತೀರ್ಪು. ಜಾತ್ಯತೀತತೆ ಆ ರಚನೆಯ ಭಾಗವೆಂದು 1994ರ ಬೊಮ್ಮಾಯಿ ತೀರ್ಪು ಹೇಳಿತು. ಹೀಗಾಗಿ ಪ್ರಸ್ತಾವನೆಯಿಂದ ಪದ ಹೋದರೂ ತತ್ವ ಹೋಗುವುದಿಲ್ಲ. ಆದರೆ 1973ರ ತೀರ್ಪು ಬಂದದ್ದು 7–6ರಲ್ಲಿ. ಒಬ್ಬ ನ್ಯಾಯಮೂರ್ತಿ ಆಚೆ ಕಡೆ ವಾಲಿದ್ದರೆ ಕಥೆಯೇ ಬೇರೆ.

ಪ್ರಶ್ನೆ: ಮಗಳ ಶಾಲೆಯಲ್ಲಿ ಧರ್ಮಬೋಧೆಯ ತರಗತಿ ಇದೆ. ಬೇಡ ಎನ್ನಬಹುದೇ?
– ಶಿರಸಿಯ ಓದುಗರು

ಉತ್ತರ: ಶಾಲೆಯ ಖರ್ಚು ಯಾರದು ಎಂದು ಮೊದಲು ನೋಡಿ. ಪೂರ್ತಿ ಸರ್ಕಾರದ್ದಾದರೆ 28(1)ರಂತೆ ಆ ತರಗತಿಯೇ ನಡೆಯುವಂತಿಲ್ಲ. ಅನುದಾನಿತ ಅಥವಾ ಮಾನ್ಯತೆ ಪಡೆದ ಖಾಸಗಿ ಶಾಲೆಯಾದರೆ 28(3)ರಂತೆ ಪೋಷಕರ ಒಪ್ಪಿಗೆ ಬೇಕು. ಪ್ರಾರ್ಥನೆಗೂ ಇದೇ ನಿಯಮ. ಒಪ್ಪಿಗೆ ಇಲ್ಲವೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರಯೋಜನವಾಗದಿದ್ದರೆ ಅದರ ಪ್ರತಿಯೊಂದಿಗೆ ಬಿಇಒ ಕಚೇರಿಗೆ ದೂರು ಕೊಡಿ. ಎಷ್ಟೋ ಸಲ ಎಡವಟ್ಟಾಗುವುದು ಪ್ರವೇಶದ ಅರ್ಜಿಯಲ್ಲೇ: ಸಣ್ಣ ಅಕ್ಷರದಲ್ಲಿ ಒಪ್ಪಿಗೆಯ ಸಾಲು ಇರುತ್ತದೆ, ಓದದೆ ಸಹಿ ಹಾಕಿರುತ್ತೇವೆ.